ಮಧ್ಯಾಹ್ನ ಮಾತ್ರ ಟ್ರಿಪ್ ಆಗುತ್ತಿದ್ದ ಕಂಪ್ರೆಸರ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಹೊರವಲಯದಲ್ಲಿರುವ ಟಿಂಕರಿಂಗ್ ಮತ್ತು ಪೇಂಟಿಂಗ್ ಗ್ಯಾರೇಜಿನಲ್ಲಿ ನಡೆದದ್ದು ಇದು. ಊರಿನ ಹೆಸರು, ಮಾಲೀಕರ ಹೆಸರು, ಯಂತ್ರದ ಕಂಪನಿ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಇಂಥದ್ದೇ ತೊಂದರೆ ನೂರಾರು ಶೆಡ್ಡುಗಳಲ್ಲಿ ಆಗುತ್ತಿರುತ್ತದೆ. ಮೋಟಾರ್ ಸುಟ್ಟ ಮೇಲೆ ರಿವೈಂಡಿಂಗ್ (ಒಳಗೆ ಹೊಸ ತಂತಿ ಸುತ್ತಿಸುವುದು) ಮಾಡಿಸಿ, ಅದು ಮತ್ತೆ ಸುಟ್ಟಾಗ ವೋಲ್ಟೇಜ್ ಸರಿಯಿಲ್ಲ ಎಂದು ಬೈದು ಸುಮ್ಮನಾಗುತ್ತಾರೆ. ಅದಕ್ಕೇ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕಂಪ್ರೆಸರ್ 5 ಎಚ್.ಪಿ.ಯದು. ಬೆಲ್ಟ್ ಡ್ರೈವ್, ಎರಡು ಸಿಲಿಂಡರ್, ಕೆಳಗೆ ಉದ್ದನೆಯ ಟ್ಯಾಂಕ್. ಮೋಟಾರಿನ ನೇಮ್ ಪ್ಲೇಟ್ ಮೇಲೆ 3.7 ಕಿಲೋವ್ಯಾಟ್, 415 ವೋಲ್ಟ್, 7.5 ಆಂಪ್ಸ್, ಡೆಲ್ಟಾ ಎಂದಿದೆ. ಡೆಲ್ಟಾ ಅಂದರೆ ಮೂರು ಫೇಸಿನ ಕಾಯಿಲ್‌ಗಳನ್ನು ತ್ರಿಕೋನದಂತೆ ಜೋಡಿಸಿರುವುದು. ಗಾಳಿಯ ಒತ್ತಡ (ಚದರ ಸೆಂಟಿಮೀಟರಿಗೆ) 8 ಕೆ.ಜಿ.ಗೆ ಇಳಿದಾಗ ಪ್ರೆಶರ್ ಸ್ವಿಚ್ ಮೋಟಾರನ್ನು ಶುರು ಮಾಡುತ್ತದೆ, 10 ಕೆ.ಜಿ.ಗೆ ಏರಿದಾಗ ನಿಲ್ಲಿಸುತ್ತದೆ. ಸ್ಟಾರ್ಟರ್ ಸಾಮಾನ್ಯ ಡಿ.ಒ.ಎಲ್., ಅಂದರೆ ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವಂಥದ್ದು. ಒಳಗೆ ಒಂದು ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟು ಬಂದಾಗ ಎಳೆದುಕೊಂಡು ಮೋಟಾರಿಗೆ ಕರೆಂಟು ಕೊಡುವ ಸ್ವಿಚ್), ಅದರ ಕೆಳಗೆ ಓವರ್‌ಲೋಡ್ ರಿಲೇ. ಕರೆಂಟು ಮಿತಿ ಮೀರಿದರೆ ಈ ರಿಲೇ ಮೋಟಾರನ್ನು ನಿಲ್ಲಿಸುತ್ತದೆ, ಅದನ್ನೇ ಟ್ರಿಪ್ ಎನ್ನುವುದು. ಪ್ರೆಶರ್ ಸ್ವಿಚ್ಚಿನ ವೈರು ಕಾಂಟ್ಯಾಕ್ಟರ್ ಕಾಯಿಲಿನ ದಾರಿಯಲ್ಲೇ ಇದೆ. ಯಾರೂ ಬಟನ್ ಒತ್ತಬೇಕಾಗಿಲ್ಲ, ತಾನೇ ಶುರುವಾಗುತ್ತದೆ, ತಾನೇ ನಿಲ್ಲುತ್ತದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪೇಂಟಿಂಗ್ ಕೆಲಸದಲ್ಲಿ ಗಾಳಿ ನಿಂತರೆ ಬರೀ ಹೊತ್ತು ಹಾಳಾಗುವುದಲ್ಲ. ಕಾರಿನ ಬಾಗಿಲಿಗೆ ಕೊನೆಯ ಕೋಟ್ ಹೊಡೆಯುವಾಗ ಪ್ರೆಶರ್ ಕುಸಿದರೆ ಗನ್ನಿನಿಂದ ಬಣ್ಣ ಹನಿ ಹನಿಯಾಗಿ ಬೀಳುತ್ತದೆ. ಮತ್ತೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜಬೇಕು, ಮತ್ತೆ ಮೊದಲಿನಿಂದ ಬಣ್ಣ ಹೊಡೆಯಬೇಕು. ಕೊಟ್ಟ ಮಾತಿನ ದಿನಕ್ಕೆ ಗಾಡಿ ಕೊಡಲು ಆಗುವುದಿಲ್ಲ.

ತೊಂದರೆ ಶುರುವಾದದ್ದು

ಬೇಸಿಗೆ. ಬೆಳಿಗ್ಗೆ ಕಂಪ್ರೆಸರ್ ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ 12 ಗಂಟೆ ದಾಟಿತೆಂದರೆ ಓವರ್‌ಲೋಡ್ ಟ್ರಿಪ್. ಸ್ವಲ್ಪ ಹೊತ್ತು ಬಿಟ್ಟು ರೀಸೆಟ್ ಒತ್ತಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮಾಲೀಕರು ತಮ್ಮ ಪರಿಚಯದ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಆತ ಕೆಲಸ ಗೊತ್ತಿರುವ ಮನುಷ್ಯ. ಬೆಳಿಗ್ಗೆ ಬಂದು ಸ್ಟಾರ್ಟರಿನಲ್ಲಿ ವೋಲ್ಟೇಜ್ ನೋಡಿದರು. ಮೂರೂ ಫೇಸ್ ಸರಿಯಾಗಿತ್ತು. ಮೋಟಾರ್ ಓಡುವಾಗ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರು. ಮೂರೂ ಕಡೆ ಉರಿಯಿತು. ಹಾಗಾದರೆ ರಿಲೇನೇ ವೀಕ್ ಆಗಿರಬೇಕು ಎಂದು ಹೊಸ ರಿಲೇ ಹಾಕಿದರು. ಮಧ್ಯಾಹ್ನ ಮತ್ತೆ ಟ್ರಿಪ್.

ಪ್ರೆಶರ್ ಸ್ವಿಚ್ಚಿನ ಹತ್ತಿರ ಸದಾ ಬುಸ್ ಎಂದು ಗಾಳಿ ಸೋರುತ್ತಿತ್ತು. ಅದನ್ನು ಕಂಡು ಪ್ರೆಶರ್ ಸ್ವಿಚ್ಚನ್ನೂ ಬದಲಿಸಿದರು. ಗಾಳಿ ಸೋರುವುದು ಮಾತ್ರ ನಿಲ್ಲಲಿಲ್ಲ.

ಇಷ್ಟಾದ ಮೇಲೆ ಕೆಲಸದ ಒತ್ತಡಕ್ಕೆ ಒಂದು ತೀರ್ಮಾನ ಆಯಿತು. ಓವರ್‌ಲೋಡ್ ರಿಲೇಯ ಡಯಲನ್ನು 7.5ರಿಂದ 10 ಆಂಪ್ಸಿಗೆ ತಿರುಗಿಸಿದರು. ಪದೇ ಪದೇ ರೀಸೆಟ್ ಒತ್ತಲು ಹೋಗಬೇಕಲ್ಲ ಎಂದು ರೀಸೆಟ್ ಗುಂಡಿಯನ್ನು ಹ್ಯಾಂಡ್‌ನಿಂದ (ಕೈಯಿಂದ ಒತ್ತುವುದು) ಆಟೋಗೆ (ತಾನೇ ರೀಸೆಟ್ ಆಗುವುದು) ಹಾಕಿದರು. ಯಾರು ಮಾಡಿದ್ದು ಎಂದು ಕೇಳುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಟ್ರಿಪ್ ಆಗುವ ರಿಲೇಯೇ ತೊಂದರೆ ಎಂದುಕೊಂಡರೆ ಯಾರಾದರೂ ಮಾಡುವ ಕೆಲಸವೇ ಅದು. ಕೆಲವು ದಿನ ಕಂಪ್ರೆಸರ್ ನಿಲ್ಲದೆ ಓಡಿತು. ಎಲ್ಲರಿಗೂ ಸಮಾಧಾನ. ಒಂದು ದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಮೋಟಾರ್ ಸುಟ್ಟುಹೋಯಿತು.

ರಿವೈಂಡಿಂಗ್ ಆಯಿತು. ಹೊಸ ತಾಮ್ರ, ಹೊಸ ಬೇರಿಂಗ್. ತಂದು ಕೂರಿಸಿದರು. ಮತ್ತೆ ಮಧ್ಯಾಹ್ನ ಟ್ರಿಪ್. ಆಗ ನನಗೆ ಫೋನ್ ಬಂತು.

ಸುಟ್ಟ ವೈಂಡಿಂಗ್ ಹೇಳಿದ ಸುದ್ದಿ

ಹೋದ ಮೇಲೆ ಮೊದಲು ತೀರ್ಮಾನ ಮಾಡಿದ್ದು, ಕಾರಣ ಸಿಗುವವರೆಗೆ ಯಾವ ಸಾಮಾನನ್ನೂ ಬದಲಿಸಬಾರದು ಎಂದು. ಎರಡನೆಯದು, ರಿಲೇ ಡಯಲನ್ನು ವಾಪಸ್ 7.5ಕ್ಕೆ ತರುವುದು, ರೀಸೆಟ್ಟನ್ನು ಹ್ಯಾಂಡ್‌ಗೆ ಹಾಕುವುದು. ಮಾಲೀಕರಿಗೆ ಇದು ಇಷ್ಟವಾಗಲಿಲ್ಲ.

"ಮತ್ತೆ ಟ್ರಿಪ್ ಆಗುತ್ತಲ್ಲಾ ಸರ್?"

"ಆಗಲಿ ಬಿಡಿ. ಅದು ಟ್ರಿಪ್ ಆದರೇನೇ ತೊಂದರೆ ಎಲ್ಲಿದೆ ಅಂತ ಗೊತ್ತಾಗೋದು. ಇಲ್ಲದಿದ್ದರೆ ಈ ವೈಂಡಿಂಗೂ ಹೋಗುತ್ತೆ."

ಆಮೇಲೆ ರಿವೈಂಡಿಂಗ್ ಅಂಗಡಿಗೆ ಹೋದೆ. ಸುಟ್ಟ ತಂತಿಯನ್ನು ಆಗಲೇ ಗುಜರಿಗೆ ಹಾಕಿದ್ದರು. ಆದರೆ ಅಂಗಡಿಯ ಹುಡುಗ ಕತ್ತರಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದ. ಗಿರಾಕಿಗೆ ತೋರಿಸಬೇಕಲ್ಲ, ಅದಕ್ಕೆ. ಈ ಪ್ರಕರಣದ ದೊಡ್ಡ ತಿರುವು ಆ ಫೋಟೋ.

ಅದರಲ್ಲಿ ವೈಂಡಿಂಗ್ ಪೂರ್ತಿ ಕಪ್ಪಾಗಿರಲಿಲ್ಲ. ಸುತ್ತಲೂ ಸಮ ಅಂತರದಲ್ಲಿ ಕೆಲವು ಕಾಯಿಲ್ ಗುಂಪುಗಳು ಮಾತ್ರ ಇದ್ದಿಲಿನಂತೆ ಕಪ್ಪಾಗಿದ್ದವು. ಅವುಗಳ ನಡುವಿನ ಕಾಯಿಲ್‌ಗಳ ವಾರ್ನಿಷ್ ಹೊಳಪು ಹಾಗೇ ಇತ್ತು. ಮೋಟಾರ್ ಬರೀ ಜಾಸ್ತಿ ಲೋಡಿನಿಂದ ಸುಟ್ಟಿದ್ದರೆ ಮೂರೂ ಫೇಸಿನ ಕಾಯಿಲ್‌ಗಳು ಸುತ್ತಲೂ ಒಂದೇ ಸಮನೆ ಕಪ್ಪಾಗಬೇಕು. ಡೆಲ್ಟಾ ಮೋಟಾರಿನಲ್ಲಿ ಒಂದು ಫೇಸಿನ ಕಾಯಿಲ್ ಮಾತ್ರ ಸುಟ್ಟು ಉಳಿದೆರಡು ಚೆನ್ನಾಗಿವೆ ಎಂದರೆ ಅದು ಸಿಂಗಲ್ ಫೇಸಿಂಗ್. ಅಂದರೆ ಹೊರಗಿನ ಮೂರು ಲೈನುಗಳಲ್ಲಿ ಒಂದು ಕಟ್ಟಾಗಿದೆ. ಸ್ಟಾರ್ (ಮೂರೂ ಕಾಯಿಲ್‌ಗಳ ಒಂದೊಂದು ತುದಿ ನಡುವೆ ಸೇರುವ) ಮೋಟಾರಾಗಿದ್ದರೆ ಉಲ್ಟಾ. ಅಲ್ಲಿ ಎರಡು ಫೇಸ್ ಸುಡುತ್ತವೆ, ಒಂದು ಉಳಿಯುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಅದೇ ಲೋಡಿನಲ್ಲಿ ಒಂದು ಲೈನು ಹೋದರೆ ಉಳಿದ ಎರಡು ಲೈನಿನ ಕರೆಂಟು ಸುಮಾರು 1.73 ಪಟ್ಟು ಆಗುತ್ತದೆ. ಡೆಲ್ಟಾ ಒಳಗಡೆ ಆ ಕರೆಂಟು ಸಮನಾಗಿ ಹಂಚಿಹೋಗುವುದಿಲ್ಲ. ಜೀವ ಇರುವ ಎರಡು ಲೈನಿಗೆ ನೇರ ಸಿಕ್ಕ ಕಾಯಿಲಿನಲ್ಲಿ ಮಾಮೂಲಿಗಿಂತ ಎರಡು ಪಟ್ಟು ಹರಿಯುತ್ತದೆ. ಉಳಿದೆರಡರಲ್ಲಿ ಹೆಚ್ಚುಕಡಿಮೆ ಮಾಮೂಲಿಯಷ್ಟೇ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಎರಡು ಪಟ್ಟು ಕರೆಂಟು ಅಂದರೆ ನಾಲ್ಕು ಪಟ್ಟು ಬಿಸಿ.

ಆಟೋ ರೀಸೆಟ್ ಮಾಡಿದ ಹಾನಿಯೂ ಇಲ್ಲೇ ಅರ್ಥವಾಯಿತು. ಒಂದು ಫೇಸ್ ಹೋಗಿ ರಿಲೇ ಟ್ರಿಪ್ ಆಗಿದೆ. ಆದರೆ ರಿಲೇಯ ಒಳಗಿನ ಬೈಮೆಟಲ್ ಪಟ್ಟಿ (ಬಿಸಿಯಾದರೆ ಬಾಗಿ ಟ್ರಿಪ್ ಮಾಡಿಸುವ, ಎರಡು ಲೋಹ ಸೇರಿಸಿದ ಪಟ್ಟಿ) ಚಿಕ್ಕದು. ಕೆಲವು ನಿಮಿಷದಲ್ಲಿ ತಣ್ಣಗಾಗಿ ತಾನೇ ರೀಸೆಟ್ ಆಗುತ್ತದೆ. ಪ್ರೆಶರ್ ಸ್ವಿಚ್ ಗಾಳಿ ಬೇಕು ಎನ್ನುತ್ತಲೇ ಇರುತ್ತದೆ. ಕಾಂಟ್ಯಾಕ್ಟರ್ ಮತ್ತೆ ಎಳೆಯುತ್ತದೆ. ಎರಡೇ ಫೇಸಿನಲ್ಲಿ ನಿಂತ ಮೋಟಾರ್ ತಿರುಗುವುದಿಲ್ಲ, ಗುಂಯ್‌ಗುಡುತ್ತಾ 40 ಆಂಪ್ಸಿನಷ್ಟು ಎಳೆಯುತ್ತದೆ. ಮತ್ತೆ ಟ್ರಿಪ್, ಮತ್ತೆ ಆಟೋ ರೀಸೆಟ್. ಮೋಟಾರಿನ ಕಬ್ಬಿಣ, ತಾಮ್ರ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಸಲಸಲಕ್ಕೂ ಬಿಸಿ ಕೂಡುತ್ತಾ ಹೋಗುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ವಾರ್ನಿಷ್ ಸುಟ್ಟ ವಾಸನೆ ಶೆಡ್ಡೆಲ್ಲ ತುಂಬಿತ್ತು. ತಾನಾಗಿ ಶುರುವಾಗುವ ಯಾವ ಯಂತ್ರಕ್ಕೂ ಓವರ್‌ಲೋಡ್ ರಿಲೇಯನ್ನು ಆಟೋದಲ್ಲಿ ಇಡಬಾರದು. ಕಂಪ್ರೆಸರಿಗೂ ಅಷ್ಟೇ, ತೋಟದ ಪಂಪಿಗೂ ಅಷ್ಟೇ.

ಗಾಳಿ ಸೋರಿಕೆ ಬೇರೆಯದೇ ಕತೆ

ಫೇಸ್ ಎಲ್ಲಿ ಹೋಗುತ್ತಿದೆ ಎಂದು ಹುಡುಕುವ ಮುಂಚೆ ಆ ಬುಸ್ ಸದ್ದನ್ನು ಮುಗಿಸಿಬಿಡೋಣ ಎನಿಸಿತು. ಎರಡು ತೊಂದರೆ ಒಟ್ಟಿಗೆ ಇದ್ದಾಗ ಒಂದರ ಲಕ್ಷಣ ಇನ್ನೊಂದನ್ನು ಮುಚ್ಚುತ್ತದೆ.

ಕಂಪ್ರೆಸರ್ ನಿಂತಾಗ ಪ್ರೆಶರ್ ಸ್ವಿಚ್ಚಿನ ಅನ್‌ಲೋಡರ್ ವಾಲ್ವ್ ಬಿಟ್ಟುಕೊಂಡು, ಸಿಲಿಂಡರಿನ ಹೆಡ್ ಮತ್ತು ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಹಾಕುತ್ತದೆ. ಒಂದೆರಡು ಸೆಕೆಂಡು ಬುಸ್ ಎಂದು ಸದ್ದು ನಿಲ್ಲಬೇಕು. ನಿಲ್ಲದೆ ಸೋರುತ್ತಲೇ ಇದ್ದರೆ ಆ ಗಾಳಿ ಬರುತ್ತಿರುವುದು ಟ್ಯಾಂಕಿನಿಂದ. ಟ್ಯಾಂಕಿನ ಬಾಯಲ್ಲಿರುವ ಎನ್.ಆರ್.ವಿ. (ಗಾಳಿಯನ್ನು ವಾಪಸ್ ಬಿಡದ ವಾಲ್ವ್) ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಪ್ರೆಶರ್ ಸ್ವಿಚ್ ಬದಲಿಸಿದರೂ ಸದ್ದು ಹೋಗದೇ ಇದ್ದದ್ದು ಇದಕ್ಕೇ.

ಮೇನ್ ಆಫ್ ಮಾಡಿ, ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟು, ಗೇಜು ಸೊನ್ನೆಗೆ ಬಂದ ಮೇಲೆ ಎನ್.ಆರ್.ವಿ. ಬಿಚ್ಚಿದೆವು. ಸೀಟಿನ ಮೇಲೆ ಎಣ್ಣೆ ಸುಟ್ಟು ಗಟ್ಟಿಯಾದ ಕಾರ್ಬನ್ ಚೂರು ಕೂತಿತ್ತು. ತೊಳೆದು ಸೀಟನ್ನು ಸಾಫ್ ಮಾಡಿ ಹಾಕಿದೆವು. ಸೋರಿಕೆ ನಿಂತಿತು. ಮೋಟಾರ್ ಶುರುವಾಗುವುದು ಎಷ್ಟು ಹಗುರವಾಯಿತೆಂದರೆ ಪೇಂಟರ್ ಮೇಸ್ತ್ರಿ ಸದ್ದು ಕೇಳಿಯೇ ಹೇಳಿದರು, "ಈಗ ಗೋಳಾಡ್ತಿಲ್ಲ ನೋಡಿ." ಹೆಡ್ಡಿನಲ್ಲಿ ಗಾಳಿ ಉಳಿದಿದ್ದರೆ ಮೋಟಾರ್ ಶುರುವಿನಿಂದಲೇ ಪೂರ್ತಿ ಪ್ರೆಶರಿನ ಎದುರು ತಳ್ಳಬೇಕು. ಶುರುವಾಗುವ ಹೊತ್ತು ಉದ್ದವಾಗುತ್ತದೆ. ಅಷ್ಟೂ ಹೊತ್ತು ಆರೇಳು ಪಟ್ಟು ಕರೆಂಟು ಹರಿಯುತ್ತದೆ.

ಸಮಸ್ಯೆ ಮುಗಿಯಿತು ಎಂದು ಮಾಲೀಕರು ಚಹಾ ತರಿಸಿದರು. ಮಧ್ಯಾಹ್ನ ಮತ್ತೆ ಟ್ರಿಪ್ ಆಯಿತು.

ಬಿಸಿಯಾದಾಗ ಅಳೆದದ್ದು

ಬೆಳಿಗ್ಗೆ ತಣ್ಣಗಿದ್ದಾಗ ಅಳೆದು ಪ್ರಯೋಜನವಿಲ್ಲ ಎಂಬುದು ಈಗ ಖಾತ್ರಿಯಾಗಿತ್ತು. ತೊಂದರೆ ಯಾವಾಗ ಬರುತ್ತದೋ ಆಗಲೇ ಮೀಟರ್ ಹಿಡಿಯಬೇಕು, ಅದೂ ಮೋಟಾರ್ ಲೋಡಿನಲ್ಲಿ ಓಡುತ್ತಿರುವಾಗ. ಒಂದು ಎಚ್ಚರಿಕೆ. 415 ವೋಲ್ಟಿನ ಪ್ಯಾನೆಲ್ ತೆರೆದಿಟ್ಟು ಅಳೆಯುವುದು ಲೈಸೆನ್ಸ್ ಇರುವ, ಕೈ ಪಳಗಿದ ವೈರ್‌ಮನ್ ಕೆಲಸ. ಮೀಟರಿನ ಪ್ರೋಬುಗಳು ಆ ವೋಲ್ಟೇಜಿಗೆ ತಕ್ಕ ದರ್ಜೆಯವಾಗಿರಬೇಕು. ಉಳಿದವರು ಪ್ಯಾನೆಲಿಗೆ ಕೈ ಹಾಕಬೇಡಿ.

ಗ್ಯಾರೇಜಿನಲ್ಲಿ ತ್ರೀ ಫೇಸಿನ ಗ್ರೈಂಡರ್, ನೀರಿನ ಪಂಪ್ ಕೂಡ ಇದ್ದವು. ಅವಕ್ಕೆ ಯಾವ ತೊಂದರೆಯೂ ಇರಲಿಲ್ಲ. ಅಂದಮೇಲೆ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಕಂಬದ ಲೈನು, ಮೀಟರ್ ಬೋರ್ಡ್ ಇವುಗಳ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಉಳಿದದ್ದು ಮೇನ್ ಬೋರ್ಡಿನಿಂದ ಕಂಪ್ರೆಸರಿಗೆ ಬರುವ ದಾರಿ. ಅಲ್ಯೂಮಿನಿಯಂ ವೈರು, ಕಂಪ್ರೆಸರಿನದೇ ಕಿಟ್‌ಕ್ಯಾಟ್ ಫ್ಯೂಸುಗಳು (ಎಳೆದು ತೆಗೆಯುವ ಪಿಂಗಾಣಿ ಫ್ಯೂಸು), ಸ್ಟಾರ್ಟರ್, ಮೋಟಾರ್.

ಮೋಟಾರ್ ನಿಂತಿದ್ದಾಗ ಸ್ಟಾರ್ಟರಿನ ಒಳಬರುವ ಕಡೆ 412, 411, 413 ವೋಲ್ಟ್. ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಒಂದು ಗಂಟೆ ಪೇಂಟಿಂಗ್ ನಡೆದ ಮೇಲೆ, ಮೋಟಾರ್ ಓಡುವಾಗ ಅದೇ ಜಾಗದಲ್ಲಿ 410, 400, 401. ನೋಡಿದರೆ ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ ಅಲ್ವಾ? ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿದೆ. ಕೆಂಪು ಫೇಸಿನಲ್ಲಿ 8.0, ಹಳದಿಯಲ್ಲಿ 7.3, ನೀಲಿಯಲ್ಲಿ 6.1 ಆಂಪ್ಸ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ವೋಲ್ಟೇಜಿನ ಸರಾಸರಿ ತೆಗೆದು, ಸರಾಸರಿಯಿಂದ ಅತಿ ದೂರ ಇರುವುದು ಎಷ್ಟು ದೂರ ಇದೆ ನೋಡಿ, ಶೇಕಡಾ ಹಾಕಿ. ಇಲ್ಲಿ ಬರುವುದು ಶೇ. 1.6. ಕರೆಂಟಿಗೂ ಹಾಗೇ ಮಾಡಿದರೆ ಶೇ. 14. ಇಂಡಕ್ಷನ್ ಮೋಟಾರಿನ ಗುಣವೇ ಅದು. ವೋಲ್ಟೇಜಿನ ಏರುಪೇರು ಕರೆಂಟಿನಲ್ಲಿ 6ರಿಂದ 10 ಪಟ್ಟು ದೊಡ್ಡದಾಗಿ ಕಾಣುತ್ತದೆ. ವೋಲ್ಟೇಜ್ ಮಾತ್ರ ನೋಡಿ ಸರಿಯಿದೆ ಎನ್ನುವ ಎಲೆಕ್ಟ್ರಿಷಿಯನ್ ಮೋಸ ಹೋಗುವುದು ಇಲ್ಲಿಯೇ. ಮೂರು ಲೈನಿಗೂ ಒಂದೊಂದಾಗಿ ಟಾಂಗ್ ಟೆಸ್ಟರ್ ಹಾಕಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ನೀಲಿ ಫೇಸಿನಲ್ಲಿ ತಡೆ ಇದೆ ಎಂದಾಯಿತು. ಎಲ್ಲಿ? ಫ್ಯೂಸಿನ ಮೇಲಿನ ಟರ್ಮಿನಲಿಗೆ ಒಂದು ಪ್ರೋಬ್, ಅದೇ ಫ್ಯೂಸಿನ ಕೆಳಗಿನ ಟರ್ಮಿನಲಿಗೆ ಇನ್ನೊಂದು. ಕರೆಂಟು ಹರಿಯುವಾಗ ಒಳ್ಳೆಯ ಜಾಯಿಂಟಿನ ಎರಡು ಬದಿಗೆ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಕೆಂಪಿನಲ್ಲಿ 0.1 ವೋಲ್ಟ್, ಹಳದಿಯಲ್ಲಿ 0.1. ನೀಲಿಯಲ್ಲಿ 12. 12 ವೋಲ್ಟನ್ನು 6 ಆಂಪ್ಸಿನಿಂದ ಗುಣಿಸಿದರೆ 70 ವ್ಯಾಟ್ ಮೇಲೆ. ಹಳೆಯ 60 ವ್ಯಾಟ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಲು ಆಗುತ್ತಿರಲಿಲ್ಲ, ಅದಕ್ಕಿಂತ ಜಾಸ್ತಿ ಬಿಸಿ ಆ ಒಂದು ಫ್ಯೂಸಿನೊಳಗೆ ಹುಟ್ಟುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕರೆಂಟು 9.4, 8.1, 4.0 ಆಯಿತು, ರಿಲೇ ಟ್ರಿಪ್ ಆಯಿತು. ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಮೇನ್ ಆಫ್ ಮಾಡಿ, ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಫ್ಯೂಸ್ ತಣ್ಣಗಾದ ಮೇಲೆ ಎಳೆದೆ. ಬಿಳಿ ಪಿಂಗಾಣಿ ಒಂದು ಬದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಹಿಡಿದುಕೊಳ್ಳಬೇಕಾದ ಹಿತ್ತಾಳೆ ಪಟ್ಟಿಯ ಬಿಗಿ ಪೂರ್ತಿ ಹೋಗಿ, ಬೆರಳಿನಿಂದ ಒತ್ತಿದರೆ ಬಾಗಿ ಅಲ್ಲೇ ನಿಲ್ಲುತ್ತಿತ್ತು. ಕೆಳಗಿನ ಸ್ಕ್ರೂ ಅರ್ಧ ಸುತ್ತು ಸುಮ್ನೆ ತಿರುಗಿತು, ಆಮೇಲೆ ಹಿಡಿಯಿತು. ಅದರಡಿ ಸಿಕ್ಕಿಸಿದ್ದ ಅಲ್ಯೂಮಿನಿಯಂ ತಂತಿಯ ತುದಿಗೆ ಬಿಳಿ ಪುಡಿ ಅಂಟಿತ್ತು. ಅದರ ಪಿವಿಸಿ ಸಿಪ್ಪೆ ಒಣಗಿ, ಬಗ್ಗಿಸಿದರೆ ಸೀಳುತ್ತಿತ್ತು.

ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಜಾಸ್ತಿ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಜರುಗುವ ಗುಣವೂ ಅದಕ್ಕಿದೆ. ಹಿಗ್ಗಿ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ. ಮೇಲೆ ಕೂರುವ ಆಕ್ಸೈಡ್ ಕರೆಂಟನ್ನು ಬಿಡುವುದಿಲ್ಲ. ತಡೆ ಹೆಚ್ಚಿ ಬಿಸಿ ಹೆಚ್ಚುತ್ತದೆ, ಬಿಸಿಗೆ ಇನ್ನಷ್ಟು ಸಡಿಲ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈ ಕೊಡುತ್ತಿದ್ದದ್ದು ಹೀಗೆ. ತಗಡಿನ ಶೀಟಿನ ಸೆಕೆಯೂ ಜೊತೆಗೆ ಸೇರಿಕೊಂಡಿತ್ತು.

ಟೆಸ್ಟ್ ಲ್ಯಾಂಪ್ ಯಾಕೆ ಸುಳ್ಳು ಹೇಳಿತು

ಮೊದಲು ಬಂದ ಎಲೆಕ್ಟ್ರಿಷಿಯನ್ ಇದನ್ನೇ ಕೇಳಿದರು. ಅವರನ್ನೂ ನಾನು ಕರೆಸಿದ್ದೆ, ಜೊತೆಯಲ್ಲೇ ಕೆಲಸ ಮಾಡಿದರು. "ಓಡ್ತಿರುವಾಗಲೇ ಮೂರೂ ಕಡೆ ಉರಿದಿದ್ದು ನಾನೇ ನೋಡಿದ್ದೀನಿ ಸರ್."

ಅವರು ನೋಡಿದ್ದು ನಿಜ. ಓಡುತ್ತಿರುವ ತ್ರೀ ಫೇಸ್ ಮೋಟಾರಿನ ಒಂದು ಲೈನು ಕಟ್ಟಾದರೂ ರೋಟರ್ ತಿರುಗುತ್ತಿರುವವರೆಗೆ ಆ ಕಟ್ಟಾದ ಕಡೆ ಮೋಟಾರೇ ವೋಲ್ಟೇಜ್ ಹುಟ್ಟಿಸುತ್ತದೆ. ಫ್ಯೂಸಿನಿಂದ ಈಚೆ ಲ್ಯಾಂಪ್ ಹಿಡಿದರೆ ಉರಿಯುತ್ತದೆ, ಮೀಟರ್ ಹಿಡಿದರೂ ಹತ್ತಿರ ಹತ್ತಿರ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟಾರ್ ನಿಂತಾಗ ನೋಡಿದರೆ ಅಲ್ಲೂ ಮೋಸ. ಕರೆಂಟೇ ಹರಿಯದಿದ್ದಾಗ ಕೆಟ್ಟ ಜಾಯಿಂಟಿನಲ್ಲಿ ವೋಲ್ಟೇಜ್ ಬೀಳುವುದಿಲ್ಲ.

ಕಾಂಟ್ಯಾಕ್ಟರ್ ಬಿಡಬೇಕಿತ್ತಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಅದರ ಕಾಯಿಲಿಗೆ ಕೆಂಪು ಮತ್ತು ಹಳದಿ ಫೇಸಿನಿಂದ ವೈರು ಕೊಟ್ಟಿದ್ದರು. ನೀಲಿ ಹೋದರೆ ಕಾಯಿಲಿಗೆ ಗೊತ್ತೇ ಆಗುವುದಿಲ್ಲ.

ಸರಿಪಡಿಸಿದ್ದು

ಮಾಲೀಕರು ಮೊದಲು ಒಂದು ಹೊಸ ಕಿಟ್‌ಕ್ಯಾಟ್ ಸಾಕು ಎಂದರು. ರಿವೈಂಡಿಂಗಿಗೆ ಆಗಲೇ ದುಡ್ಡು ಹೋಗಿತ್ತು, ಅವರ ಕಷ್ಟ ಅರ್ಥವಾಗುತ್ತದೆ. ನಾನು ಒಪ್ಪಲಿಲ್ಲ. ಕಿಟ್‌ಕ್ಯಾಟಿನಲ್ಲಿ ಒಂದು ತಂತಿ ಹೋದರೆ ಉಳಿದೆರಡು ಮೋಟಾರನ್ನು ಓಡಿಸುತ್ತಲೇ ಇರುತ್ತವೆ. ಮೂರು ಪೋಲಿನ ಎಂ.ಸಿ.ಬಿ. (ಮೂರು ಲೈನನ್ನೂ ಒಟ್ಟಿಗೆ ಕಡಿಯುವ ಸರ್ಕ್ಯೂಟ್ ಬ್ರೇಕರ್) ಹಾಗಲ್ಲ, ಬಿದ್ದರೆ ಮೂರೂ ಒಟ್ಟಿಗೆ ಬೀಳುತ್ತವೆ. ಮೋಟಾರಿಗೆ ಹೊಂದುವ ಡಿ ಕರ್ವಿನ (ಶುರುವಿನ ಜೋರು ಕರೆಂಟಿಗೆ ಬೀಳದ) 16 ಆಂಪ್ಸ್ ಎಂ.ಸಿ.ಬಿ. ಹಾಕಿದೆವು. ಆದರೆ ಎಲ್ಲೋ ಒಂದು ಜಾಯಿಂಟ್ ಬಿಟ್ಟುಕೊಂಡರೆ ಎಂ.ಸಿ.ಬಿ.ಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ಕರೆಂಟನ್ನೇ ನೋಡಿ ಕೆಲಸ ಮಾಡುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಬೇಕಾಯಿತು. ವೋಲ್ಟೇಜ್ ಮಾತ್ರ ನೋಡುವ ಪ್ರಿವೆಂಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಮೋಟಾರೇ ಹುಟ್ಟಿಸುವ ವೋಲ್ಟೇಜ್ ಟೆಸ್ಟ್ ಲ್ಯಾಂಪಿಗೆ ಮಾಡಿದ ಮೋಸವನ್ನು ಅದಕ್ಕೂ ಮಾಡಬಹುದು.

ಮೇನ್ ಬೋರ್ಡಿನಿಂದ ಸ್ಟಾರ್ಟರಿನವರೆಗೆ 4 ಚದರ ಮಿ.ಮೀ. ತಾಮ್ರದ ಕೇಬಲ್ ಎಳೆದೆವು. ತುದಿಗಳಿಗೆಲ್ಲ ಒತ್ತಿ ಕೂರಿಸಿದ ಲಗ್ (ಸ್ಕ್ರೂ ಅಡಿ ಸಿಕ್ಕಿಸುವ ಲೋಹದ ತುದಿ). ಮೇನ್ ಬೋರ್ಡಿನಲ್ಲಿ ಒಳಬರುವ ಅಲ್ಯೂಮಿನಿಯಂ ಕೇಬಲಿಗೆ ಬೈಮೆಟಲಿಕ್ ಲಗ್ ಹಾಕಿದೆವು, ತಾಮ್ರವೂ ಅಲ್ಯೂಮಿನಿಯಮ್ಮೂ ನೇರ ತಾಗದಂತೆ. ಕಾಂಟ್ಯಾಕ್ಟರಿನ ಟಿಪ್ಪುಗಳನ್ನು ನೋಡಿದೆವು, ಚೆನ್ನಾಗಿದ್ದವು, ಹಾಗೇ ಬಿಟ್ಟೆವು. ಮೋಟಾರಿಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಿದೆವು, ಹೊಸ ವೈಂಡಿಂಗಿಗೆ ಪೆಟ್ಟಾಗಿರಲಿಲ್ಲ. ರಿಲೇ 7.5ರಲ್ಲಿ, ಹ್ಯಾಂಡ್ ರೀಸೆಟ್‌ನಲ್ಲಿ.

ಬಿರುಬಿಸಿಲಿನ ಮಧ್ಯಾಹ್ನ, ಪ್ರೆಶರ್ 10 ಕೆ.ಜಿ. ಹತ್ತಿರ ಇರುವಾಗ ಮತ್ತೆ ಅಳೆದೆವು. 6.8, 6.7, 6.9 ಆಂಪ್ಸ್. ಮಳೆಗಾಲ ಬಂದು ಹೋಯಿತು, ಮುಂದಿನ ಬೇಸಿಗೆಯೂ ಬಂತು, ಓವರ್‌ಲೋಡ್ ಟ್ರಿಪ್ ಆಗಿಲ್ಲ.

ಈಗ ಸ್ಟಾರ್ಟರ್ ಬಾಗಿಲಿನ ಒಳಮೈಗೆ ಆ ಮೂರು ಅಂಕಿಗಳನ್ನು ಮಾರ್ಕರಿನಲ್ಲಿ ಬರೆದಿದ್ದಾರೆ. ಎಲೆಕ್ಟ್ರಿಷಿಯನ್ ತಿಂಗಳಿಗೊಮ್ಮೆ, ಒಂದು ಗಂಟೆ ಓಡಿದ ಮೇಲೆ, ಅದೇ ಪ್ರೆಶರಿನಲ್ಲಿ ಟಾಂಗ್ ಟೆಸ್ಟರ್ ಹಾಕಿ ಕೆಳಗೆ ಬರೆಯುತ್ತಾರೆ. ಯಾವುದಾದರೂ ಒಂದು ಫೇಸ್ ಸರಾಸರಿಗಿಂತ ಶೇ. 10ರಷ್ಟು ಆಚೀಚೆ ಆದರೆ ಕಂಪ್ರೆಸರ್ ನಿಲ್ಲಿಸಿ ಕಾರಣ ಹುಡುಕಬೇಕೆಂದು ಮಾತಾಗಿದೆ. ಕರೆಂಟು ಹೋಗಿ ಬಂದಾಗ ಯಂತ್ರ ತಾನೇ ಶುರುವಾಗುತ್ತದಲ್ಲ, ಅದಕ್ಕೆ ಬೆಲ್ಟಿನ ಬಳಿ ಕೈ ಹಾಕಬಾರದೆಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ, ಬೆಲ್ಟಿನ ಮೇಲಿನ ಗಾರ್ಡನ್ನೂ ಮತ್ತೆ ಕೂರಿಸಿದ್ದಾರೆ. ಗ್ರೈಂಡರಿನ ಫ್ಯೂಸುಗಳನ್ನು ತೆಗೆದು ನೋಡಿದಾಗ ಒಂದರಲ್ಲಿ ಪಿಂಗಾಣಿ ಕಂದಾಗಲು ಶುರುವಾಗಿತ್ತು. ಅದನ್ನೂ ಅವತ್ತೇ ಬದಲಿಸಿದೆವು. ರಿವೈಂಡಿಂಗ್ ಅಂಗಡಿಯ ಯಜಮಾನರು ಈಗ ಸುಟ್ಟ ವೈಂಡಿಂಗನ್ನು ಕತ್ತರಿಸುವ ಮುಂಚೆ ಎರಡೂ ಬದಿಯ ಫೋಟೋ ತೆಗೆದು, ಬಿಲ್ಲಿನ ಜೊತೆ ಗಿರಾಕಿಗೆ ಕಳಿಸುತ್ತಾರೆ.